ಎತ್ತಿದ ತೋಳು ರಬ್ಬರಿನಂತೆ ಕಾಣುತ್ತಿದೆ; ಅಂಗರಚನೆಯನ್ನು ಎಲ್ಲಿಂದ ಕಲಿಯಲಿ?

ತೋಟದಂಚು, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ಹಗಲು ತೋಟದ ಲೆಕ್ಕಪತ್ರ, ರಾತ್ರಿ ಬ್ಲೆಂಡರ್ ಎಂಬ 3ಡಿ ತಂತ್ರಾಂಶ, ಎಂಬಂತೆ ಎರಡು ವರ್ಷಗಳಿಂದ ಡಿಜಿಟಲ್ ಶಿಲ್ಪವನ್ನು ಸ್ವಂತವಾಗಿ ಕಲಿಯುತ್ತಿದ್ದೇನೆ. ಸದ್ಯ ಮಾಡುತ್ತಿರುವುದು ರೊಬಸ್ಟಾ ಕಾಫಿ ಹಣ್ಣು ಕೊಯ್ಯುತ್ತಿರುವ, ಅರವತ್ತು ದಾಟಿದ ಒಬ್ಬ ಹೆಂಗಸಿನ ಆಕೃತಿ. ಎಡಗೈಯಿಂದ ಎತ್ತರದ ಕೊಂಬೆಯನ್ನು ಬಗ್ಗಿಸಿ ಹಿಡಿದಿದ್ದಾಳೆ, ಬಲಗೈಯಿಂದ ಹಣ್ಣು ಬಿಡಿಸಿ ಸೊಂಟಕ್ಕೆ ಕಟ್ಟಿದ ಚೀಲಕ್ಕೆ ಹಾಕುತ್ತಿದ್ದಾಳೆ. ಮುಖ ಒಂದು ಹದಕ್ಕೆ ಬಂದಿದೆ, ಸೀರೆಯ ನೆರಿಗೆಯೂ ಪರವಾಗಿಲ್ಲ. ಆದರೆ ಆ ಎಡತೋಳು ಮಾತ್ರ ಹೆಗಲಿಗೆ ಸಿಕ್ಕಿಸಿದ ರಬ್ಬರ್ ಕೊಳವೆಯಂತಿದೆ. ಎಷ್ಟು ತಿದ್ದಿದರೂ ಎಲ್ಲಿ ತಪ್ಪಿದೆ ಎಂಬುದೇ ಹೊಳೆಯುತ್ತಿಲ್ಲ.

ಹಣ ಕೊಟ್ಟು ಸೇರಿದ್ದ ಒಂದು ಆನ್‌ಲೈನ್ ತರಗತಿಯಲ್ಲಿ ಮೂರು ತಿಂಗಳು ಸ್ನಾಯುಗಳ ಹೆಸರುಗಳನ್ನು ಬಾಯಿಪಾಠ ಮಾಡಿಸಿದರು. ಹೆಗಲನ್ನು ಮುಚ್ಚುವ ಡೆಲ್ಟಾಯ್ಡ್ ಯಾವುದು, ಕತ್ತಿನಿಂದ ಬೆನ್ನಿಗೆ ಹರಡಿದ ಟ್ರಪೀಝಿಯಸ್ ಯಾವುದು ಎಂದು ಕೇಳಿದರೆ ತಕ್ಷಣ ಹೇಳಬಲ್ಲೆ. ಅದರಿಂದ ನನ್ನ ಶಿಲ್ಪ ಒಂದು ಕೂದಲೆಳೆಯಷ್ಟೂ ಮುಂದೆ ಹೋಗಲಿಲ್ಲ. ಚಿತ್ರವನ್ನು ಮುಂದಿನಿಂದ, ಹಿಂದಿನಿಂದ ಮತ್ತು ಪಕ್ಕದಿಂದ ತೆಗೆದು ಹಾಕಿದ್ದೇನೆ. ತಿಳಿದವರು ದಾಕ್ಷಿಣ್ಯವಿಲ್ಲದೆ ಹೇಳಬೇಕು.

ಎಂಟು ಜಿಬಿ, ಹಾಸನ

ಅಣ್ಣಾ, ನಾನು ಇಂಜಿನಿಯರಿಂಗ್ ಓದುತ್ತಿರುವವನು, ಹವ್ಯಾಸಕ್ಕಾಗಿ ಇದನ್ನು ಮಾಡುತ್ತೇನೆ. ನನ್ನ ಅಭಿಪ್ರಾಯದಲ್ಲಿ ನೀವು ಅರ್ಧಕ್ಕೆ ನಿಲ್ಲಿಸಿದ್ದೇ ತಪ್ಪು. ವಯಸ್ಕರ ಶರೀರದಲ್ಲಿ 206 ಮೂಳೆಗಳಿವೆ, ಸ್ನಾಯುಗಳು 600ಕ್ಕೂ ಹೆಚ್ಚು. ಪ್ರತಿಯೊಂದೂ ಎಲ್ಲಿ ಹುಟ್ಟಿ ಎಲ್ಲಿಗೆ ಸೇರುತ್ತದೆ ಎಂದು ಪೂರ್ತಿ ತಿಳಿದ ಮೇಲೆ ತಾನಾಗಿಯೇ ಸರಿಹೋಗುತ್ತದೆ. ನಾನು ದಿನಕ್ಕೆ ಐದು ಸ್ನಾಯುಗಳಂತೆ ಬರೆದುಕೊಂಡು ಕಲಿಯುತ್ತಿದ್ದೇನೆ.

ಕೀಲು ಮತ್ತು ನಾನು, ಹಾಸನ

ನಾನು ಫಿಸಿಯೋಥೆರಪಿಸ್ಟ್. ಶಿಲ್ಪದ ಬಗ್ಗೆ ನನಗೆ ಏನೂ ತಿಳಿಯದು, ನನ್ನ ತಮ್ಮ ಈ ಚರ್ಚೆಯನ್ನು ತೋರಿಸಿದ್ದರಿಂದ ಬರೆಯುತ್ತಿದ್ದೇನೆ. ತಾವು ಹಾಕಿರುವ ಹಿಂಬದಿಯ ಚಿತ್ರವನ್ನು ನೋಡಿದ ಕೂಡಲೇ ತಪ್ಪು ಕಣ್ಣಿಗೆ ಬಿತ್ತು. ಆಕೆಯ ತೋಳು ಕಿವಿಯ ಪಕ್ಕಕ್ಕೆ ಬಂದಿದೆ, ಆದರೆ ಬೆನ್ನಿನ ಎಡಭಾಗ ಮತ್ತು ಬಲಭಾಗ ಎರಡೂ ಒಂದೇ ರೀತಿ ಇವೆ. ಹೆಗಲ ಹಲಗೆ, ಅಂದರೆ ಸ್ಕ್ಯಾಪುಲಾ, ಇದ್ದಲ್ಲಿಯೇ ಇದ್ದು ತೋಳು ಮಾತ್ರ ಅಷ್ಟು ಮೇಲೆ ಹೋದ ಮನುಷ್ಯರು ನನ್ನ ಬಳಿಗೆ ಇದುವರೆಗೆ ಬಂದಿಲ್ಲ.

ತೋಳು ಎತ್ತುವುದೆಂದರೆ ಒಂದೇ ಕೀಲಿನ ಕೆಲಸವಲ್ಲ. ಕೈಯನ್ನು ಪಕ್ಕದಿಂದ ಪೂರ್ತಿ ತಲೆಯ ಮೇಲಕ್ಕೆ, 180 ಡಿಗ್ರಿಯವರೆಗೆ ಒಯ್ದಾಗ ಅದರಲ್ಲಿ ಸುಮಾರು 120 ಡಿಗ್ರಿ ಮಾತ್ರ ತೋಳಿನ ಗುಂಡು ಮತ್ತು ಹಲಗೆಯ ಗುಳಿ ಸೇರುವ ಕೀಲಿನಲ್ಲಿ ಆಗುತ್ತದೆ. ಉಳಿದ ಸುಮಾರು 60 ಡಿಗ್ರಿ, ಹಲಗೆಯೇ ಪಕ್ಕೆಲುಬುಗಳ ಮೇಲೆ ಜಾರಿ ತಿರುಗುವುದರಿಂದ ಬರುತ್ತದೆ. ಎರಡಕ್ಕೆ ಒಂದು ಎಂದು ನಾವು ಲೆಕ್ಕ ಇಟ್ಟುಕೊಳ್ಳುತ್ತೇವೆ. ಮೊದಲ ಮೂವತ್ತು ಡಿಗ್ರಿಯಷ್ಟರಲ್ಲಿ ಹಲಗೆ ಹೆಚ್ಚು ಅಲುಗಾಡುವುದಿಲ್ಲ, ಅಲ್ಲಿಂದಾಚೆಗೆ ಎರಡೂ ಜೊತೆಜೊತೆಯಾಗಿ ಸಾಗುತ್ತವೆ. ಈ ಹಲಗೆಗೆ ಎದೆಗೂಡಿನೊಂದಿಗೆ ನೇರವಾದ ಮೂಳೆಯ ಕೀಲೇ ಇಲ್ಲ ಎಂಬುದು ಬಹಳ ಜನರಿಗೆ ಆಶ್ಚರ್ಯ ತರುತ್ತದೆ. ಇಡೀ ಕೈ ಮುಂಡದ ಅಸ್ಥಿಪಂಜರಕ್ಕೆ ಮೂಳೆಯಿಂದ ಮೂಳೆಗೆ ಅಂಟಿಕೊಂಡಿರುವುದು ಒಂದೇ ಒಂದು ಜಾಗದಲ್ಲಿ: ಗಂಟಲಿನ ಕುಳಿಯ ಪಕ್ಕದಲ್ಲಿ, ಕಾಲರ್ ಬೋನ್ ಎದೆಯೆಲುಬಿಗೆ ಸೇರುವ ಕಡೆ. ಉಳಿದದ್ದನ್ನೆಲ್ಲ ಹಿಡಿದಿರುವುದು ಸ್ನಾಯುಗಳು.

ಒಂದು ಸಣ್ಣ ಕೆಲಸ ಮಾಡಿ ನೋಡಿ. ಮನೆಯಲ್ಲಿ ಯಾರನ್ನಾದರೂ ಕೇಳಿಕೊಂಡು, ಅವರ ಬೆನ್ನಿನ ಮೇಲೆ ಹಲಗೆಯ ಕೆಳಗಿನ ಮೂಲೆಗೆ ನಿಮ್ಮ ಹೆಬ್ಬೆರಳನ್ನು ಇಟ್ಟು, ಕೈಯನ್ನು ನಿಧಾನವಾಗಿ ಎತ್ತಲು ಹೇಳಿ. ಆ ಮೂಲೆ ಬೆರಳಿನಡಿಯಿಂದ ತಪ್ಪಿಸಿಕೊಂಡು ಹೊರಕ್ಕೆ, ಕಂಕುಳಿನ ಕಡೆಗೆ ಸರಿದುಹೋಗುತ್ತದೆ. ಆಮೇಲೆ ಮುಂದೆ ಬಂದು ಕಾಲರ್ ಬೋನ್ ಮೇಲೆ ಬೆರಳಿಟ್ಟು ಅದನ್ನೇ ಮಾಡಿಸಿ. ಅದರ ಹೊರತುದಿ ಮೇಲೇರುವುದು ತಿಳಿಯುತ್ತದೆ. ನಿಮ್ಮ ಶಿಲ್ಪದಲ್ಲಿ ಎರಡೂ ಕಾಲರ್ ಬೋನ್‌ಗಳು ತಕ್ಕಡಿಯ ದಂಡದಂತೆ ಸಮನಾಗಿವೆ.

ಮೇಷ್ಟ್ರು, ಚಿಕ್ಕಮಗಳೂರು

ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರವನ್ನು ಬಹಳ ವರ್ಷ ಕಲಿಸಿ ಈಗ ನಿವೃತ್ತನಾಗಿದ್ದೇನೆ. ಮೇಲಿನ ಮೇಡಂ ಹೇಳಿದ್ದು ಅಕ್ಷರಶಃ ಸರಿ. ಎಂಟು ಜಿಬಿ ಎಂಬ ಹುಡುಗನಿಗೆ ಒಂದು ಮಾತು. ನಮ್ಮ ವಿದ್ಯಾರ್ಥಿಗಳು ನಿನಗಿಂತ ಹೆಚ್ಚು ಹೆಸರುಗಳನ್ನು ಕಲಿಯುತ್ತಾರೆ, ಶವವನ್ನು ಸ್ವತಃ ಬಿಡಿಸಿ ನೋಡುತ್ತಾರೆ. ಆದರೂ ಅವರಲ್ಲಿ ಒಬ್ಬರ ಕೈಗೆ ಜೇಡಿಮಣ್ಣು ಕೊಟ್ಟರೆ ಹೆಗಲೊಂದನ್ನು ಮಾಡಲಾರರು. ಮೇಜಿನ ಮೇಲೆ ಮಲಗಿರುವ ದೇಹ, ಕೆಡದಂತೆ ಕಾಪಾಡುವ ಫಾರ್ಮಲಿನ್‌ನಲ್ಲಿ ನೆನೆದು ಬಿಗಿದುಕೊಂಡಿರುತ್ತದೆ, ಬೆನ್ನು ಚಪ್ಪಟೆಯಾಗಿರುತ್ತದೆ, ಬಿಗಿಯುವ ಸ್ನಾಯು ಯಾವುದು, ಸಡಿಲವಾಗಿರುವ ಸ್ನಾಯು ಯಾವುದು ಎಂಬ ವ್ಯತ್ಯಾಸವೇ ಅಲ್ಲಿ ಉಳಿದಿರುವುದಿಲ್ಲ. ಶಿಲ್ಪಿಗೆ ಬೇಕಾದ ಅಂಗರಚನೆ ಬೇರೆ. ಚರ್ಮದ ಮೇಲಿನಿಂದ ಏನು ಕಾಣುತ್ತದೆ, ಭಂಗಿ ಬದಲಾದಾಗ ಅದು ಹೇಗೆ ಬದಲಾಗುತ್ತದೆ, ಇವೆರಡೇ ಅವನಿಗೆ ಮುಖ್ಯ. ಆಳದಲ್ಲಿರುವ ಎಷ್ಟೋ ಸ್ನಾಯುಗಳ ಹೆಸರು ನಿನಗೆ ಜನ್ಮದಲ್ಲಿ ಬೇಕಾಗುವುದಿಲ್ಲ.

ನಾನಾದರೆ ಮೂಳೆ ಚರ್ಮಕ್ಕೆ ತಾಗುವ ಜಾಗಗಳಿಂದ ಆರಂಭಿಸುತ್ತೇನೆ. ಕಾಲರ್ ಬೋನ್, ಹೆಗಲ ತುದಿಯ ಮೂಳೆ, ಹಲಗೆಯ ಮೇಲೆ ಅಡ್ಡಲಾಗಿ ಹಾದುಹೋಗುವ ಏಣು, ಮೊಣಕೈ ಗಂಟು, ಅಲ್ಲಿಂದ ಮಣಿಕಟ್ಟಿನ ಕಿರುಬೆರಳ ಪಕ್ಕದವರೆಗೂ ಬೆರಳಿನಿಂದ ಸವರಿ ಹಿಂಬಾಲಿಸಬಹುದಾದ ಅಲ್ನಾ ಮೂಳೆಯ ಅಂಚು, ಸೊಂಟದ ಮುಂದಿನ ಎರಡು ಮೊನೆಗಳು, ಮೊಣಕಾಲ ಚಿಪ್ಪು, ಮುಂಗಾಲಿನ ಮೂಳೆ, ಪಾದದ ಎರಡು ಗಿಣ್ಣುಗಳು. ಒಳಗಿಣ್ಣು ಎತ್ತರದಲ್ಲಿ, ಹೊರಗಿಣ್ಣು ತಗ್ಗಿನಲ್ಲಿ ಇರುತ್ತದೆ. ಹೊಸಬರು ಅವೆರಡನ್ನೂ ಒಂದೇ ಮಟ್ಟದಲ್ಲಿ ಇಡುತ್ತಾರೆ. ಮನುಷ್ಯ ದಪ್ಪಗಾಗಲಿ, ತೆಳ್ಳಗಾಗಲಿ, ಈ ಜಾಗಗಳು ಸ್ಥಳ ಬಿಟ್ಟು ಕದಲುವುದಿಲ್ಲ. ತೆಳ್ಳಗಿನವರಲ್ಲಿ ಉಬ್ಬಾಗಿ ಕಾಣುವ ಎಷ್ಟೋ ಜಾಗಗಳು ದಪ್ಪಗಿನವರಲ್ಲಿ ಗುಳಿಯಾಗಿ ಕಾಣುತ್ತವೆ, ಅಷ್ಟೇ.

ನಿಮ್ಮ ಎಡಹೆಗಲಿಗೆ ಬರೋಣ. ಟ್ರಪೀಝಿಯಸ್ ಮೇಲಿನಿಂದ ಬಂದು ಕಾಲರ್ ಬೋನಿನ ಹೊರಭಾಗ, ಹೆಗಲ ತುದಿ ಮತ್ತು ಹಲಗೆಯ ಏಣಿಗೆ ಸೇರುತ್ತದೆ. ಡೆಲ್ಟಾಯ್ಡ್ ಅದೇ ಗೆರೆಯಿಂದ ಕೆಳಕ್ಕೆ ಹೊರಟು ತೋಳಿನ ಮೂಳೆಯ ಹೊರಮಗ್ಗುಲಿನಲ್ಲಿ, ಸುಮಾರು ಅರ್ಧ ದಾರಿಯಲ್ಲಿ ಕೊನೆಗೊಳ್ಳುತ್ತದೆ. ಹೀಗಾಗಿ ಈ ಎರಡು ಮಾಂಸದ ರಾಶಿಗಳ ನಡುವೆ ಮೂಳೆಯ ಗಡಿಯೊಂದಿದೆ. ತೋಳು ಎತ್ತಿದಾಗ ಎರಡೂ ಕಡೆಯ ಮಾಂಸ ಉಬ್ಬಿ, ಗಡಿ ಮಾತ್ರ ತಗ್ಗಾಗಿ ಉಳಿಯುತ್ತದೆ. ನೀವು ಅಲ್ಲಿ ಸ್ಮೂತ್ ಬ್ರಷ್ ಆಡಿಸಿ ಎರಡನ್ನೂ ಬೆಸೆದುಬಿಟ್ಟಿದ್ದೀರಿ. ರಬ್ಬರಿನಂತೆ ಕಾಣುವುದಕ್ಕೆ ಅದೂ ಒಂದು ಕಾರಣ.

ತೋಟದಂಚು, ಮೂಡಿಗೆರೆ

ಮೇಡಂ, ಮೇಷ್ಟ್ರೇ, ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಸೋದರತ್ತೆ ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿಯನ್ನು ತೆಗೆಯುತ್ತಿದ್ದಾಗ, ಹಾಗೆಯೇ ಒಂದು ಕ್ಷಣ ನಿಲ್ಲಿ ಎಂದು ಕೇಳಿಕೊಂಡೆ. ಅವರಿಗೆ ಅರವತ್ತೆಂಟು ವರ್ಷ, ಮೈಯಲ್ಲಿ ಮಾಂಸ ಕಡಿಮೆ. ಕೈ ಮೇಲಕ್ಕೆ ಹೋದಂತೆ ಹಲಗೆಯ ಕೆಳಮೂಲೆ ರವಿಕೆಯ ಬಟ್ಟೆಯನ್ನು ಒಳಗಿನಿಂದ ದೂಡಿಕೊಂಡು, ಬೆನ್ನೆಲುಬಿನಿಂದ ದೂರ ಸರಿದು ಕಂಕುಳಿನ ಹೊಲಿಗೆಯ ಹತ್ತಿರಕ್ಕೆ ಬಂತು. ಬಟ್ಟೆಯ ಸುಕ್ಕುಗಳು ಅದುವರೆಗೆ ಅಡ್ಡಲಾಗಿದ್ದವು, ಆ ಮೂಲೆಯಿಂದ ಹೆಗಲಿನ ಕಡೆಗೆ ಓರೆಯಾದವು. ಎರಡು ವರ್ಷಗಳಿಂದ ನಾನು ಬಟ್ಟೆಯ ಸುಕ್ಕನ್ನು ಅಂದಾಜಿನ ಮೇಲೆ ಕೆತ್ತುತ್ತಿದ್ದೆನಲ್ಲ, ಅದು ಹುಟ್ಟುವುದು ಈ ಮೂಳೆಯಿಂದ ಎಂಬುದು ಆಗ ತಿಳಿಯಿತು. ಭರಣಿ ಭಾರವಾಗಿದ್ದುದರಿಂದ ಬೈಸಿಕೊಂಡೆ, ಅದು ಬೇರೆ ಮಾತು.

ಬಳಪದ ಕಲ್ಲು, ಬೇಲೂರು

ನಾನು ಕಲ್ಲಿನ ಕೆಲಸದವನು. ಕಂಪ್ಯೂಟರಿನಲ್ಲಿ ತಪ್ಪಿದರೆ ಹಿಂದಕ್ಕೆ ಹೋಗಬಹುದು ಎಂದು ಮಗ ಹೇಳುತ್ತಾನೆ; ನಮ್ಮಲ್ಲಿ ಆ ಸೌಲಭ್ಯವಿಲ್ಲದ ಕಾರಣ ಮೊದಲೇ ಅಳತೆ ಹಾಕುತ್ತೇವೆ. ಒಂಬತ್ತು ಮುಖದಷ್ಟು ಎತ್ತರ ಎನ್ನುವ ನವತಾಳದ ಲೆಕ್ಕದಲ್ಲಿ ವಿಗ್ರಹದ ಎತ್ತರ 108 ಅಂಗುಲ. ಮುಖ 12, ಕೊರಳು 4, ಕೊರಳಿನಿಂದ ಎದೆಗೆ 12, ಎದೆಯಿಂದ ನಾಭಿಗೆ 12, ಅಲ್ಲಿಂದ ತೊಡೆಯ ಮೂಲಕ್ಕೆ 12, ತೊಡೆ 24, ಮೊಣಕಾಲು 4, ಕಣಕಾಲು 24, ಪಾದ 4. ಈ ಅಂಗುಲ ಅಂಗಡಿಯ ಟೇಪಿನ ಅಂಗುಲವಲ್ಲ, ಆ ವಿಗ್ರಹದ ಮುಖವನ್ನೇ ಹನ್ನೆರಡು ಭಾಗ ಮಾಡಿದ ಅಳತೆ. ನೀವು ಎಲ್ಲಕ್ಕಿಂತ ಮೊದಲು ಬೇಲೂರಿಗೆ ಬಂದು ಶಿಲಾಬಾಲಿಕೆಯರ ಮುಂದೆ ಒಂದು ದಿನ ಕಳೆಯಿರಿ. ಅದಕ್ಕಿಂತ ಒಳ್ಳೆಯ ಪಾಠಶಾಲೆ ಈ ಎರಡು ಜಿಲ್ಲೆಗಳಲ್ಲಿ ಇಲ್ಲ.

ರಿಗ್ಗಿಂಗ್ ಕೆಲಸ, ಸಕಲೇಶಪುರ

ನಾನು ಬೆಂಗಳೂರಿನ ಒಂದು ಗೇಮ್ ಸ್ಟುಡಿಯೋಗೆ ಮನೆಯಿಂದಲೇ ಕೆಲಸ ಮಾಡುವವನು; ಆಕೃತಿಗಳು ಅಲುಗಾಡಲು ಒಳಗೆ ಕೀಲುಗಳನ್ನು ಕೂಡಿಸುವ ರಿಗ್ಗಿಂಗ್ ನನ್ನ ಕೆಲಸ. ಆಚಾರ್ಯರ ಮಾತನ್ನು ಗೌರವದಿಂದಲೇ ಒಪ್ಪದಿರಲು ಅನುಮತಿ ಬೇಡುತ್ತೇನೆ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದ್ದು, ಅಲ್ಲಿನ ಕೆಲಸದ ಸೂಕ್ಷ್ಮತೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಶಿಲಾಬಾಲಿಕೆಯರ ಮೈಯಲ್ಲಿ ಮೂಳೆಯೂ ಕಾಣುವುದಿಲ್ಲ, ಸ್ನಾಯುವೂ ಕಾಣುವುದಿಲ್ಲ. ಉಸಿರು ತುಂಬಿದಂತಹ ನುಣುಪಾದ ಮೈ, ಅದರ ಮೇಲೆ ಆಭರಣ. ಅದು ಆ ಶಿಲ್ಪಿಗಳು ಬೇಕೆಂದೇ ಆಯ್ದುಕೊಂಡ ಆದರ್ಶ. ಕೂಲಿ ಮಾಡಿ ಸವೆದ ಅರವತ್ತರ ಹೆಗಲನ್ನು ಅಲ್ಲಿಂದ ಕಲಿಯಲು ಹೊರಟರೆ ಮತ್ತೆ ರಬ್ಬರಿಗೇ ಬಂದು ನಿಲ್ಲುತ್ತೇವೆ. ಇನ್ನು ಇಂಟರ್ನೆಟ್‌ನಲ್ಲಿ ಸಿಗುವ ಬಾಡಿಬಿಲ್ಡರ್‌ಗಳ ಚಿತ್ರಗಳು ಇದಕ್ಕೆ ತದ್ವಿರುದ್ಧವಾದ ಮೋಸ ಮಾಡುತ್ತವೆ: ಎಲ್ಲ ಸ್ನಾಯುಗಳೂ ಏಕಕಾಲಕ್ಕೆ ಬಿಗಿದಿರುವ ದೇಹ ಅವರದು. ಸೋದರತ್ತೆಯೇ ಸರಿಯಾದ ಆಧಾರ.

ತಾಳದ ಬಗ್ಗೆ ಒಂದು ಎಚ್ಚರಿಕೆ. ನಾವು ಸಾಮಾನ್ಯವಾಗಿ ವಯಸ್ಕರ ಎತ್ತರವನ್ನು ಏಳರಿಂದ ಏಳೂವರೆ ತಲೆ ಎಂದು ಲೆಕ್ಕ ಹಾಕುತ್ತೇವೆ. ಅಲ್ಲಿ ತಲೆ ಎಂದರೆ ನೆತ್ತಿಯಿಂದ ಗಲ್ಲದವರೆಗೆ. ಆಚಾರ್ಯರ ತಾಳ ಮುಖದ ಅಳತೆ, ಕೂದಲ ಅಂಚಿನಿಂದ ಗಲ್ಲದವರೆಗೆ. ಎರಡನ್ನೂ ಬೆರೆಸಿದರೆ ಆಕೃತಿ ಕಂಬದಂತೆ ಬೆಳೆಯುತ್ತದೆ, ನನ್ನದು ಒಮ್ಮೆ ಬೆಳೆದಿತ್ತು.

ಬಳಪದ ಕಲ್ಲು, ಬೇಲೂರು

ಮೈಯನ್ನು ನೋಡಿ ಎಂದು ನಾನು ಹೇಳಲಿಲ್ಲ, ನಿಲುವನ್ನು ನೋಡಿ ಎಂಬುದು ನನ್ನ ಮಾತಿನ ಅರ್ಥವಾಗಿತ್ತು. ಬಿಡಿಸಿ ಹೇಳದಿದ್ದುದು ನನ್ನ ತಪ್ಪು. ಮೈ ಮೂರು ಕಡೆ ಬಾಗುವ ತ್ರಿಭಂಗದಲ್ಲಿ ಭಾರ ಹೊತ್ತ ಕಾಲಿನ ಕಡೆ ಸೊಂಟ ಮೇಲೇರುತ್ತದೆ, ಅದೇ ಕಡೆಯ ಹೆಗಲು ಇಳಿಯುತ್ತದೆ, ಕೊರಳು ಮತ್ತೆ ಆಚೆಗೆ ತಿರುಗಿ ತೂಕವನ್ನು ಸರಿದೂಗಿಸುತ್ತದೆ. ತೋಟದಂಚು ಅವರ ಹೆಂಗಸು ಎರಡು ಕಾಲುಗಳ ಮೇಲೆ ಸಮನಾಗಿ ನಿಂತಿದ್ದಾಳೆ. ಹಾಗೆ ನಿಲ್ಲುವುದು ಶ್ರವಣಬೆಳಗೊಳದ ಗೊಮ್ಮಟನೊಬ್ಬನೇ. ಐವತ್ತೇಳು ಅಡಿಯ ಆ ಮೂರ್ತಿ ಕಾಯೋತ್ಸರ್ಗದಲ್ಲಿದೆ, ದೇಹವನ್ನೇ ಮರೆತ ನಿಲುವು ಅದು. ಅಲ್ಲಿ ಎಡಬಲ ಸಮನಾಗಿರುವುದಕ್ಕೆ ಅರ್ಥವಿದೆ. ಹಣ್ಣು ಕೊಯ್ಯುವವಳಿಗೆ ಆ ನಿಲುವು ಹೊಂದುವುದಿಲ್ಲ.

ಮೂಳೆ ಕಾಣುವುದಿಲ್ಲ ಎಂದಿರಿ. ಮುಂದಿನ ಸಲ ಬಂದಾಗ ಭೈರವನ ಪಕ್ಕದಲ್ಲಿ ನಿಂತಿರುವ ಬೇತಾಳಗಳನ್ನು ನೋಡಿ. ಪಕ್ಕೆಲುಬು, ಒಣಗಿದ ಹೊಟ್ಟೆ, ಮೊಣಕಾಲ ಗಂಟು, ಎಲ್ಲವನ್ನೂ ಎಣಿಸಬಹುದು. ಮೂಳೆ ಗೊತ್ತಿದ್ದೇ ಬಾಲಿಕೆಯರಲ್ಲಿ ಅದನ್ನು ಮುಚ್ಚಿದ್ದಾರೆ.

ರಿಗ್ಗಿಂಗ್ ಕೆಲಸ, ಸಕಲೇಶಪುರ

ಬೇತಾಳಗಳ ವಿಷಯ ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ಗೊಮ್ಮಟನ ಮಾತಂತೂ ನಮ್ಮ ಕಸುಬಿಗೆ ನೇರವಾಗಿ ತಗಲುತ್ತದೆ. ಬ್ಲೆಂಡರ್‌ನಲ್ಲಿ ಸಿಮೆಟ್ರಿಯನ್ನು ಆನ್ ಮಾಡಿ ಅರ್ಧ ದೇಹ ಕೆತ್ತಿದರೆ ಉಳಿದರ್ಧ ತಾನಾಗಿ ಬರುತ್ತದೆ, ಆ ಸುಖಕ್ಕೆ ಬಿದ್ದವರು ಅದನ್ನು ಆಫ್ ಮಾಡುವುದನ್ನೇ ಮರೆಯುತ್ತಾರೆ. ಮೂಲ ಆಕೃತಿಯನ್ನು ಸಿಮೆಟ್ರಿಯಲ್ಲಿ ಮಾಡಿ, ಭಂಗಿಗೆ ತಿರುಗಿಸಿದ ನಂತರ ಪ್ರತಿ ಕೀಲಿನ ಸುತ್ತಲೂ ಕೈಯಿಂದ ಮತ್ತೆ ಕೆತ್ತಬೇಕು. ಹಲಗೆ ಸರಿದ ಜಾಗ, ಕಾಲರ್ ಬೋನಿನ ಓರೆ, ಇವನ್ನು ಯಾವ ಸಾಧನವೂ ನಿಮಗಾಗಿ ಮಾಡಿಕೊಡುವುದಿಲ್ಲ.

ಇನ್ನೊಂದು ವಿಷಯ. ಮೇಲ್ಮೈಯ ಜಾಲದ ಗೆರೆಗಳು ಕಾಣುವ ನಿಮ್ಮ ವೈರ್‌ಫ್ರೇಮ್ ಚಿತ್ರವನ್ನು ನೋಡಿದರೆ ಈಗಾಗಲೇ ಚರ್ಮದ ರಂಧ್ರಗಳವರೆಗೆ ಹೋಗಿದ್ದೀರಿ. ಮೇಲ್ಮೈಯನ್ನು ಹಂತಹಂತವಾಗಿ ಸೂಕ್ಷ್ಮಗೊಳಿಸುವ ಮಲ್ಟಿರೆಸಲ್ಯೂಶನ್‌ನ ಪ್ರತಿ ಹಂತದಲ್ಲೂ ಮುಖಗಳ, ಅಂದರೆ ಮೇಲ್ಮೈಯ ಪುಟ್ಟ ತುಂಡುಗಳ, ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. 1,000 ಮುಖಗಳಿಂದ ಹೊರಟರೆ ಐದನೆಯ ಹಂತದಲ್ಲಿ 10,24,000. ಅಷ್ಟರ ಮೇಲೆ ಹೆಗಲನ್ನು ಸರಿಸುವುದೆಂದರೆ ಬೆಂದ ಅನ್ನವನ್ನು ಮತ್ತೆ ಅಕ್ಕಿ ಮಾಡಿದ ಹಾಗೆ. ಕೆಳಹಂತಕ್ಕೆ ಇಳಿದು ದೊಡ್ಡ ರೂಪವನ್ನು ತಿದ್ದಿ. ಆಗಾಗ ಬೆಳಕನ್ನೆಲ್ಲ ತೆಗೆದು, ಆಕೃತಿಯನ್ನು ಪೂರ್ತಿ ಕಪ್ಪು ನೆರಳಾಗಿಸಿ ನೋಡಿ; ನೆರಳಿನಲ್ಲಿ ಹೆಗಲು ತಪ್ಪಾಗಿದ್ದರೆ ರಂಧ್ರಗಳು ಅದನ್ನು ಕಾಪಾಡುವುದಿಲ್ಲ. ಆಧಾರದ ಫೋಟೋವನ್ನು ಮೊಬೈಲಿನಲ್ಲಿ ತೆಗೆಯುವಾಗ ಹತ್ತಿರ ಹೋಗಬೇಡಿ. ಹತ್ತಿರದಿಂದ ತೆಗೆದರೆ ಮುಂದೆ ಚಾಚಿದ ಕೈ ಹಿಗ್ಗಿ, ಹಿಂದಿನ ಹೆಗಲು ಕುಗ್ಗಿ, ಅಳತೆ ಕೆಡುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು ಝೂಮ್ ಮಾಡಿಕೊಳ್ಳಿ.

ಎಂಟು ಜಿಬಿ, ಹಾಸನ

ಹತ್ತು ಲಕ್ಷ ಮುಖ ತಲುಪುವ ಮೊದಲೇ ನನ್ನ ಲ್ಯಾಪ್‌ಟಾಪ್ ದೋಸೆಕಲ್ಲಾಗುವುದರಿಂದ ಆ ತಪ್ಪನ್ನು ಮಾಡುವ ಭಾಗ್ಯ ನನಗಿಲ್ಲ. ಮೇಷ್ಟ್ರೇ, ತಾವು ಹೇಳಿದಂತೆ ಅಲ್ನಾ ಅಂಚನ್ನು ನನ್ನ ಕೈಯಲ್ಲೇ ಸವರಿ ನೋಡಿದೆ. ಒಂದು ಸಂಶಯವಿದೆ. ಅಂಗೈಯನ್ನು ಮೇಲಕ್ಕೂ ಕೆಳಕ್ಕೂ ತಿರುಗಿಸಿದಾಗ ಮೊಣಕೈ ಹತ್ತಿರ ಆ ಮೂಳೆ ಅಲುಗಾಡುತ್ತಲೇ ಇಲ್ಲ. ಹಾಗಾದರೆ ತಿರುಗುತ್ತಿರುವುದು ಏನು?

ಮೇಷ್ಟ್ರು, ಚಿಕ್ಕಮಗಳೂರು

ಹೆಸರುಗಳ ಪಟ್ಟಿ ಬಿಟ್ಟು ಕೈ ಮುಟ್ಟಿ ನೋಡಿದೆಯಲ್ಲ, ಬಹಳ ಸಂತೋಷ. ತಿರುಗುವುದು ಹೆಬ್ಬೆರಳ ಕಡೆಯ ಮೂಳೆ, ರೇಡಿಯಸ್. ಅಂಗೈ ಮುಂದೆ ಮಾಡಿದಾಗ ಎರಡೂ ಮೂಳೆಗಳು ಅಕ್ಕಪಕ್ಕದಲ್ಲಿರುತ್ತವೆ, ಹಿಂದೆ ಮಾಡಿದಾಗ ರೇಡಿಯಸ್ ಅಲ್ನಾದ ಮೇಲೆ ಅಡ್ಡ ಹಾಯುತ್ತದೆ. ಆದ್ದರಿಂದ ತಿರುಚು ಮಣಿಕಟ್ಟಿನಲ್ಲಿ ಮಾತ್ರ ಇರುವುದಿಲ್ಲ, ಮುಂಗೈಯ ಉದ್ದಕ್ಕೂ ಹಂಚಿಕೊಂಡಿರುತ್ತದೆ.

ರಿಗ್ಗಿಂಗ್ ಕೆಲಸ, ಸಕಲೇಶಪುರ

ಇದನ್ನು ತಿಳಿಯದೆ ಮಣಿಕಟ್ಟಿಗೆ ಒಂದೇ ಕೀಲು ಹಾಕಿ ತಿರುಗಿಸಿದರೆ ಆ ಜಾಗ ಚಾಕಲೇಟು ಕಾಗದದ ತುದಿಯಂತೆ ಸೊರಗಿಹೋಗುತ್ತದೆ. ಮುಂಗೈಯಲ್ಲಿ ಎರಡು ಮೂರು ತಿರುಚು ಕೀಲುಗಳನ್ನು ಇಟ್ಟು ತಿರುಗನ್ನು ಹಂಚುವುದು ನಮ್ಮ ನಿತ್ಯದ ಕೆಲಸ.

ತೋಟದಂಚು, ಮೂಡಿಗೆರೆ

ಹದಿನೈದು ದಿನಗಳ ನಂತರ ಬರೆಯುತ್ತಿದ್ದೇನೆ. ಎರಡನೆಯ ಹಂತಕ್ಕೆ ಇಳಿದು ಎಡಹಲಗೆಯನ್ನು ತಿರುಗಿಸಿದೆ, ಕಾಲರ್ ಬೋನಿನ ಹೊರತುದಿಯನ್ನು ಎತ್ತಿದೆ, ಭಾರವನ್ನು ಬಲಗಾಲಿಗೆ ಹಾಕಿದೆ. ಹೊಸ ಚಿತ್ರಗಳು ಇಲ್ಲಿವೆ. ರಬ್ಬರು ಹೋಯಿತು. ಆದರೆ ಈಗ ಆಕೆ ಕೊಂಬೆ ಹಿಡಿದವಳಂತೆ ಕಾಣುವುದಿಲ್ಲ, ತರಗತಿಯಲ್ಲಿ ಪ್ರಶ್ನೆ ಕೇಳಲು ಕೈ ಎತ್ತಿದವಳಂತೆ ಕಾಣುತ್ತಾಳೆ. ಮೂಳೆಗಳೆಲ್ಲ ಸರಿಯಾದ ಜಾಗದಲ್ಲಿದ್ದರೂ ಹೀಗೇಕೆ?

ಕೀಲು ಮತ್ತು ನಾನು, ಹಾಸನ

ಏಕೆಂದರೆ ಆಕೆ ನಿಜವಾಗಿಯೂ ಕೈಯನ್ನು ಎತ್ತುತ್ತಿದ್ದಾಳೆ. ನೀವು ಡೆಲ್ಟಾಯ್ಡನ್ನು ಬಿಗಿಸಿದ್ದೀರಿ, ಅದು ತೋಳನ್ನು ಮೇಲಕ್ಕೆ ಒಯ್ಯುವ ಸ್ನಾಯು. ಕೊಂಬೆಯನ್ನು ಹಿಡಿದ ಮೇಲೆ ಕೆಲಸ ತಿರುಗುಮುರುಗಾಗುತ್ತದೆ. ಕೊಂಬೆ ಕೈಯನ್ನು ಮೇಲಕ್ಕೆ ಎಳೆಯುತ್ತಿರುತ್ತದೆ, ಆಕೆ ಅದನ್ನು ಕೆಳಕ್ಕೆ ಎಳೆದು ಹಿಡಿದಿರುತ್ತಾಳೆ. ಆಗ ಬಿಗಿಯಬೇಕಾದದ್ದು ಬೆನ್ನಿನಿಂದ ಬಂದು ಕಂಕುಳಿನ ಹಿಂಗೋಡೆಯಾಗುವ ಲ್ಯಾಟಿಸಿಮಸ್ ಮತ್ತು ಅದರ ಜೊತೆಗಾರ ಟೆರಿಸ್ ಮೇಜರ್. ಎದೆಯ ಕಡೆಯಿಂದ ಪೆಕ್ಟೋರಲಿಸ್‌ನ ಕೆಳಭಾಗವೂ ಸೇರಿಕೊಳ್ಳುತ್ತದೆ. ಕಂಕುಳಿನ ಹಿಂದಿನ ಅಂಚು ಹಗ್ಗದಂತೆ ಎದ್ದು ನಿಲ್ಲಬೇಕು, ಡೆಲ್ಟಾಯ್ಡ್ ತುಸು ಸಡಿಲವಾಗಬೇಕು. ಈ ವಯಸ್ಸಿನಲ್ಲಿ ಮಾಂಸ ಇಳಿದು ರಟ್ಟೆಯ ಕೆಳಗಿನ ಚರ್ಮ ಜೋತಿರುವುದರಿಂದ, ಬಿಗಿದ ಅಂಚು ಮತ್ತು ಜೋತ ಚರ್ಮ ಎರಡೂ ಪಕ್ಕಪಕ್ಕದಲ್ಲಿಯೇ ಕಾಣುತ್ತವೆ.

ಮಣಿಕಟ್ಟನ್ನೂ ಗಮನಿಸಿ. ಅದನ್ನು ಅಂಗೈಯ ಕಡೆಗೆ ಮಡಚಿದ್ದೀರಿ. ಹಾಗೆ ಮಡಚಿಕೊಂಡು ಏನನ್ನಾದರೂ ಗಟ್ಟಿಯಾಗಿ ಹಿಡಿಯಲು ಪ್ರಯತ್ನಿಸಿ, ಹಿಡಿತ ನಿಲ್ಲುವುದಿಲ್ಲ. ಬಲವಾಗಿ ಹಿಡಿಯುವ ಕೈಯ ಮಣಿಕಟ್ಟು ಸ್ವಲ್ಪ ಹಿಂದಕ್ಕೆ ಬಾಗಿರುತ್ತದೆ.

ಬಳಪದ ಕಲ್ಲು, ಬೇಲೂರು

ಕೊಂಬೆ ಎಲ್ಲಿದೆ? ಯಾವ ಚಿತ್ರದಲ್ಲೂ ನನಗೆ ಕಾಣಲಿಲ್ಲ.

ತೋಟದಂಚು, ಮೂಡಿಗೆರೆ

ಆಚಾರ್ಯರೇ, ಕೊಂಬೆಯನ್ನು ಕೊನೆಯಲ್ಲಿ ಮಾಡಿದರಾಯಿತು ಎಂದು ಬಿಟ್ಟಿದ್ದೆ. ಎರಡು ತಿಂಗಳಿಂದ ಆಕೆ ಗಾಳಿಯನ್ನು ಹಿಡಿದುಕೊಂಡು ನಿಂತಿದ್ದಾಳೆ. ಇವತ್ತು ತೋಟಕ್ಕೆ ಹೋಗಿ ಸೋದರತ್ತೆಯ ಕೈಗೆ ಒಂದು ರೊಬಸ್ಟಾ ಕೊಂಬೆಯನ್ನು ಕೊಟ್ಟು, ನಾಲ್ಕು ಹೆಜ್ಜೆ ಹಿಂದೆ ನಿಂತು ಫೋಟೋ ತೆಗೆದುಕೊಂಡು ಬಂದಿದ್ದೇನೆ. ಮಣಿಕಟ್ಟು ಮೇಡಂ ಹೇಳಿದಂತೆಯೇ ಹಿಂದಕ್ಕೆ ಬಾಗಿದೆ. ಕೊಂಬೆಯನ್ನು ಮಾಡಿ ಮುಗಿಸಿ, ಅದರ ಬಾಗು ಎಷ್ಟಿದೆ ಎಂದು ನೋಡಿಕೊಂಡು ಆಮೇಲೆ ಕಂಕುಳಿಗೆ ಕೈ ಹಾಕುತ್ತೇನೆ.